ಮಳೆ ಯಾವಾಗ ಹೊಳವಾಗುತ್ತದೆ?

ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ. ತುಳುನಾಡಿನಲ್ಲಿ ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ನೇಮ, ಕೋಲ, ಜಾತ್ರೆ ಎಲ್ಲಕ್ಕೂ ಮಳೆಗಾಲ ಕಳೆಯುವವರೆಗೆ ವಿರಾಮ. ಇಂಗ್ಲಿಷ್ ತಾರೀಖಿನಲ್ಲಿ ಅದು ಮೇ 24ರ ಆಸುಪಾಸಿಗೆ ಬೀಳುತ್ತದೆ. 2025ರಲ್ಲಿ ನೈಋತ್ಯ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೂ ಮೇ 24ಕ್ಕೆ. 2009ರ ಮೇ 23ರ ಬಳಿಕ ಇಷ್ಟು ಬೇಗ ಅದು ಬಂದಿರಲಿಲ್ಲ. ಎರಡೇ ದಿನದಲ್ಲಿ ಮುಂಬೈ ತಲುಪಿತ್ತು.

ಬಯಲುಸೀಮೆಯಲ್ಲಿ ಬೇಗ ಬಂದ ಮಳೆ ಸಂಭ್ರಮದ ಸುದ್ದಿ. ಸುಳ್ಯ ತಾಲ್ಲೂಕಿನ ಆಲೆಟ್ಟಿಯಂಥ ಊರಿನಲ್ಲಿ ಹಾಗಲ್ಲ. ಮೇ ಕೊನೆಯ ವಾರಕ್ಕೆಂದು ಮೈಲುತುತ್ತು, ಸುಣ್ಣ ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟು ಕಾದಿದ್ದ ಅಡಿಕೆ ಕೃಷಿಕರ ಲೆಕ್ಕವೆಲ್ಲ ಆ ವಾರ ತಪ್ಪಿತು. ಇಲ್ಲಿ ಮಳೆ ಬರುವುದೇ ಎಂದು ಯಾರೂ ಕೇಳುವುದಿಲ್ಲ. ಬರುತ್ತದೆ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಇಡೀ ದೇಶದ ಸರಾಸರಿ ಮಳೆ 87 ಸೆಂಟಿಮೀಟರ್. ಆಲೆಟ್ಟಿ ಕಡೆ ಅಷ್ಟು ಮಳೆ ಜುಲೈ ಒಂದರಲ್ಲೇ ಬಿದ್ದು ಹೋಗುವುದುಂಟು. ಇಲ್ಲಿಯವರು ಫೋನಿನಲ್ಲಿ ಒಬ್ಬರನ್ನೊಬ್ಬರು ವಿಚಾರಿಸುವುದು ಬೇರೆಯದನ್ನು: “ಅಣ್ಣ, ಅಲ್ಲಿ ಹೇಗುಂಟು? ಹೊಳವಾಗುವ ಲಕ್ಷಣ ಉಂಟಾ? ಮದ್ದು ಬಿಡ್ಲಿಕ್ಕೆ ಆಗ್ತದಾ?”

ಮುಂಗಾರಿನ ಬಗ್ಗೆ ಬರೆಯುವಾಗ ನಾವೆಲ್ಲ ಅದರ ಆಗಮನ ಮತ್ತು ಒಟ್ಟು ಮೊತ್ತಕ್ಕೇ ಗಂಟುಬೀಳುತ್ತೇವೆ. ಘಟ್ಟದ ಬುಡದ ಬದುಕು ನಿಂತಿರುವುದು ಮಳೆಯ ನಡುವಿನ ಬಿಡುವಿನ ಮೇಲೆ, ಅಂದರೆ ಹೊಳವಿನ ಮೇಲೆ. ಬಿಡುವು ಎಲ್ಲಿಂದ ಬರುತ್ತದೆಂದು ತಿಳಿಯಲು ಮೊದಲು ಮಳೆ ಬರುವ ದಾರಿಯನ್ನು ನೋಡಬೇಕು.

ಆ ದಾರಿ ಆರಂಭವಾಗುವುದು ಮಡಗಾಸ್ಕರ್‌ನ ಆಚೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ನಮಗೆ ಬೇಸಿಗೆಯಾದಾಗ ಅಲ್ಲಿ ಚಳಿಗಾಲ. ಮಸ್ಕರೀನ್ ದ್ವೀಪಗಳ ಸುತ್ತಿನ ಸಮುದ್ರದ ಮೇಲೆ ತಂಪಾದ ಭಾರದ ಗಾಳಿ ಒತ್ತಿ ನಿಲ್ಲುತ್ತದೆ. ಇತ್ತ ರಾಜಸ್ಥಾನ, ಪಾಕಿಸ್ತಾನದ ನೆಲ ಕಾದು ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಟಿಬೆಟ್ ಪ್ರಸ್ಥಭೂಮಿಯೂ ಕಾದು ಮೇಲಿನ ವಾಯುಮಂಡಲವನ್ನು ಬಿಸಿ ಮಾಡುತ್ತದೆ. ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆ ಇರುವ ಕಡೆಗೆ ಗಾಳಿ ಹೊರಡುತ್ತದೆ. ಭೂಮಧ್ಯರೇಖೆ ದಾಟಿದ ಮೇಲೆ ಭೂಮಿ ತಿರುಗುವ ಕಾರಣಕ್ಕೆ ಅದು ಬಲಕ್ಕೆ ಹೊರಳುತ್ತದೆ, ಆಫ್ರಿಕಾದ ಪೂರ್ವದ ಬೆಟ್ಟಸಾಲು ಅದನ್ನು ಒಂದೇ ಓಣಿಗೆ ನೂಕುತ್ತದೆ. ಸೊಮಾಲಿಯಾ ಕರಾವಳಿಯಲ್ಲಿ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದೊಳಗೆ ರಭಸದಿಂದ ಓಡುವ ಈ ಗಾಳಿಹೊಳೆಯನ್ನು 1969ರಲ್ಲಿ ವಿವರಿಸಿದವರು ಬ್ರಿಟಿಷ್ ಹವಾಮಾನ ವಿಜ್ಞಾನಿ ಫಿಂಡ್ಲೇಟರ್. ಅರಬ್ಬಿ ಸಮುದ್ರದ ಮೇಲೆ ಹಾಯುತ್ತ ತೇವ ತುಂಬಿಕೊಂಡು ಬರುವ ಈ ಗಾಳಿಗೆ ನಮ್ಮ ಪಶ್ಚಿಮಘಟ್ಟ ಅಡ್ಡ ನಿಲ್ಲುತ್ತದೆ.

ಮುಂಗಾರು ಬಂತೆಂದು ಘೋಷಿಸುವ ಲೆಕ್ಕದಲ್ಲಿ ನಮ್ಮ ಸೀಮೆಗೂ ಪಾಲಿದೆ. ಮೇ 10ರ ಬಳಿಕ ಗೊತ್ತುಪಡಿಸಿದ 14 ಮಳೆಮಾಪನ ಕೇಂದ್ರಗಳ ಪೈಕಿ ಶೇ 60ರಷ್ಟರಲ್ಲಿ ಎರಡು ದಿನ ಸತತವಾಗಿ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು. ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ, ಸಾಕಷ್ಟು ವೇಗದಲ್ಲಿ ಬೀಸುತ್ತಿರಬೇಕು, ಮೋಡದ ಹೊದಿಕೆ ಉಪಗ್ರಹಕ್ಕೆ ಕಾಣಬೇಕು. ಆಗಷ್ಟೇ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಪ್ರವೇಶವನ್ನು ಸಾರುತ್ತದೆ. ಆ ಹದಿನಾಲ್ಕರಲ್ಲಿ ಕೊನೆಯ ಎರಡು ಕಾಸರಗೋಡಿನ ಕೂಡ್ಲು ಮತ್ತು ಮಂಗಳೂರು. ಆಲೆಟ್ಟಿಯ ಪಕ್ಕದಲ್ಲಿ ಹರಿಯುವ ಪಯಸ್ವಿನಿ ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯ ಹಾದು, ಕೇರಳದಲ್ಲಿ ಚಂದ್ರಗಿರಿಯೆಂದು ಕರೆಸಿಕೊಂಡು, ಕೂಡ್ಲಿಗೆ ಸಮೀಪದಲ್ಲೇ ಕಡಲು ಸೇರುತ್ತದೆ. ಮೂಲದಿಂದ ಕಡಲವರೆಗೆ ಈ ನದಿಯ ಉದ್ದ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇದನ್ನು ನೆನಪಿಡಿ, ಬೇಸಿಗೆಯ ಮಾತು ಬಂದಾಗ ಬೇಕಾಗುತ್ತದೆ.

ಕಡಲಿನಿಂದ ಬಂದ ತೇವದ ಗಾಳಿ ಸುಳ್ಯದ ಹತ್ತಿರ ಬರುವಷ್ಟರಲ್ಲಿ ಬೆಟ್ಟ ಏರಲೇಬೇಕು. ಸುಬ್ರಹ್ಮಣ್ಯದ ಬೆನ್ನಿಗಿರುವ ಕುಮಾರಪರ್ವತ 1,712 ಮೀಟರ್ ಎತ್ತರ. ಮೇಲೇರಿದ ಗಾಳಿ ತಣಿದು, ಹಿಡಿದಿಟ್ಟ ತೇವವನ್ನು ಕಳಚುತ್ತದೆ. ಘಟ್ಟ ದಾಟಿ ಮೈಸೂರು ತಲುಪುವಾಗ ಅದೇ ಗಾಳಿಯಲ್ಲಿ ಉಳಿದಿರುವುದು ಅತ್ಯಲ್ಪ. ಗುಡ್ಡ ಮಾತ್ರ ಮಳೆ ತರಿಸುತ್ತದೆ ಎಂದುಕೊಳ್ಳಬಾರದು. ಗುಜರಾತಿನಿಂದ ಕೇರಳದವರೆಗೆ ಕಡಲಂಚಿನ ಉದ್ದಕ್ಕೂ ಒತ್ತಡದ ಒಂದು ತಗ್ಗು ಮೂಡುತ್ತದೆ. ಅದು ಬಲವಾದ ದಿನ ನಮ್ಮಲ್ಲಿ ಹಗಲು-ರಾತ್ರಿ ಬಿಡದೆ ಸುರಿಯುತ್ತದೆ, ಸಡಿಲವಾದ ದಿನ ಬಿಸಿಲು ಕಾಣುತ್ತದೆ.

ಬಿಡುವಿನ ಗುಟ್ಟು ಇಲ್ಲಿದೆ. ಭೂಮಧ್ಯರೇಖೆಯ ಹತ್ತಿರ ಹುಟ್ಟುವ ಮೋಡದ ಪಟ್ಟಿಗಳು ದಿನಕ್ಕೆ ಸುಮಾರು ಒಂದು ಅಕ್ಷಾಂಶದಂತೆ ಬಡಗಣಕ್ಕೆ ಸರಿಯುತ್ತವೆ. ಆಲೆಟ್ಟಿ ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ. ಅಂದರೆ ಅಲ್ಲಿ ಹೊರಟ ಪಟ್ಟಿ ಇಲ್ಲಿಗೆ ಬರಲು ಎರಡು ವಾರದ ಹತ್ತಿರ ಬೇಕು. ಒಂದು ಪಟ್ಟಿ ಹಾದುಹೋಗಿ ಇನ್ನೊಂದು ಬರುವವರೆಗಿನ ಆವರ್ತ 30ರಿಂದ 60 ದಿನ. ಇದರೊಳಗೆ 10ರಿಂದ 20 ದಿನದ ಇನ್ನೊಂದು ಚಿಕ್ಕ ಏರಿಳಿತವೂ ಸೇರಿಕೊಂಡಿದೆ. ಉತ್ತರ ಭಾರತದ ಮಧ್ಯೆ ಮಲಗಿರಬೇಕಾದ ಮುಂಗಾರಿನ ತಗ್ಗುರೇಖೆ ಹಿಮಾಲಯದ ಬುಡಕ್ಕೆ ಸರಿದಾಗ ಮಧ್ಯ ಭಾರತದಲ್ಲೂ ಪಶ್ಚಿಮ ಕರಾವಳಿಯಲ್ಲೂ ಮಳೆ ನಿಲ್ಲುತ್ತದೆ, ಹಿಮಾಲಯದ ತಪ್ಪಲು ತೋಯುತ್ತದೆ. 2023ರ ಆಗಸ್ಟ್‌ನಲ್ಲಿ ಈ ಬಿಡುವು ತೀರಾ ಉದ್ದವಾಯಿತು. 1901ರಿಂದೀಚೆಗೆ ಅಷ್ಟು ಒಣ ಆಗಸ್ಟನ್ನು ದೇಶ ಕಂಡಿರಲಿಲ್ಲ. ಪೆಸಿಫಿಕ್‌ನಲ್ಲಿ ಆಗ ಎಲ್ ನಿನೊ ತಲೆಯೆತ್ತಿತ್ತು. ಆ ದೂರದ ಸಮುದ್ರಕ್ಕೂ ನಮ್ಮ ಮಳೆಗೂ ನಂಟಿದೆಯೆಂದು ಅಂಕಿಗಳನ್ನು ಜೋಡಿಸಿ ತೋರಿಸಿದವರು ಗಿಲ್ಬರ್ಟ್ ವಾಕರ್. 1904ರಿಂದ ಇಪ್ಪತ್ತು ವರ್ಷ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಣಿತಜ್ಞ ಅವರು.

ಈಗ ಅಡಿಕೆ ತೋಟಕ್ಕೆ ಬರೋಣ. ಈ ಬಿಡುವು ಯಾಕೆ ಬೇಕೆಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಮಳೆಗಾಲದಲ್ಲಿ ಅಡಿಕೆಯ ಗೊನೆಯಲ್ಲಿ ಎಳೆಕಾಯಿ ತುಂಬಿರುತ್ತದೆ. ಕೊಳೆರೋಗ ತರುವ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿಗೆ ನೀರಿನ ತೆಳು ಪದರವೇ ರಸ್ತೆ. ಅದರ ಬೀಜಕಣಗಳಿಗೆ ಬಾಲವಿದೆ, ಒದ್ದೆ ಕಾಯಿಯ ಮೇಲೆ ಅವು ಈಜುತ್ತವೆ. ಉಷ್ಣಾಂಶ 20ರಿಂದ 23 ಡಿಗ್ರಿಯ ಹತ್ತಿರ, ಗಾಳಿಯ ತೇವ ಶೇ 90 ದಾಟಿದ ದಿನಗಳು ಸತತ ಸಿಕ್ಕರೆ ಕಾಯಿಯ ತೊಟ್ಟಿನ ಬಳಿ ನೀರು ಸೋಕಿದಂಥ ಕಲೆ ಮೂಡುತ್ತದೆ, ಬಿಳಿ ಬೂಸ್ಟು ಹಬ್ಬುತ್ತದೆ, ಮರದ ಬುಡವಿಡೀ ಹಸಿರು ಕಾಯಿ ಉದುರುತ್ತದೆ. ಒಂದು ವರ್ಷದ ಸಂಪಾದನೆ ಹದಿನೈದು ದಿನದಲ್ಲಿ ನೆಲಕ್ಕೆ ಬೀಳುವುದನ್ನು ನೋಡುವ ಸಂಕಟ ಈ ಕಡೆಯ ಮನೆಮನೆಗೂ ಗೊತ್ತು. 2013 ಮತ್ತು 2018ರಲ್ಲಿ ದಕ್ಷಿಣ ಕನ್ನಡದ ತೋಟಗಳನ್ನು ಕೊಳೆ ಹೀಗೆಯೇ ಬರಿದು ಮಾಡಿತು.

ಇದಕ್ಕೆ ಇಂದಿಗೂ ನಂಬುಗೆಯ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಬಳ್ಳಿಗೆ ಹುಟ್ಟಿದ ಔಷಧ ಇದು. ಅದನ್ನು ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಮೂಲವನ್ನು ಹುಡುಕಿ ಅವರು ಬರೆದ ವರದಿ 1910ರಲ್ಲಿ ಪ್ರಕಟವಾಯಿತು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಎರಡನ್ನೂ ಬೆರೆಸಬೇಕು. ಬೆರೆಸಿದ ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಶತಮಾನ ಕಳೆದರೂ ಈ ಪರೀಕ್ಷೆ ಬದಲಾಗಿಲ್ಲ, ಬದಲಾಗಬೇಕಾದ ಅಗತ್ಯವೂ ಬಿದ್ದಿಲ್ಲ.

ಮದ್ದು ಬಿಡುವುದಕ್ಕೆ ಕ್ರಮವಿದೆ. ಮೊದಲ ಸುತ್ತು ಮುಂಗಾರು ಹಿಡಿಯುವ ಮೊದಲು. ಎರಡನೆಯದು 40-45 ದಿನದ ಬಳಿಕ, ಅಂದರೆ ಜುಲೈ ನಡುವಿಗೆ. ಮಳೆ ಮುಂದುವರಿದರೆ ಮೂರನೆಯದು. ಸಮಸ್ಯೆ ಇರುವುದು ಎರಡನೆಯ ಸುತ್ತಿನಲ್ಲೇ. ತುಳುವರ ಆಟಿ ತಿಂಗಳು ಹಿಡಿಯುವ ಹೊತ್ತದು. ಕಾಯಿ ಒಣಗಿರಬೇಕು, ಮರ ಜಾರಬಾರದು, ಬಿಟ್ಟ ಮದ್ದು ಅಂಟಿಕೊಳ್ಳುವಷ್ಟು ಹೊತ್ತು ಆಕಾಶ ಸುಮ್ಮನಿರಬೇಕು. ಪಾದಕ್ಕೆ ತಳೆ ಹಾಕಿಕೊಂಡು ಮರ ಏರುವ, ಮೇಲಿನಿಂದಲೇ ಒಂದು ಮರದಿಂದ ಇನ್ನೊಂದಕ್ಕೆ ಹಾಯುವ ಕುಶಲಿಗಳು ಊರಿಗೆ ಬೆರಳೆಣಿಕೆಯಷ್ಟು. ಹೊಳವಾದ ಒಂದೇ ದಿನ ಅವರು ಎಲ್ಲರಿಗೂ ಬೇಕು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಗೊನೆಗೆ ಸಿಂಪಡಿಸಬಹುದು. ಯುವಕರಿಗೆ ಮರ ಹತ್ತುವ ತರಬೇತಿಯೂ ನಡೆದಿದೆ. ಆದರೂ ಎರಡು ದಿನದ ಬಿಡುವಿನಲ್ಲಿ ಒಂದು ಊರಿನ ತೋಟವೆಲ್ಲ ಮುಗಿಯುವುದಿಲ್ಲ. ಯಾರ ತೋಟಕ್ಕೆ ಮೊದಲು ಎಂಬ ಸರದಿಯಲ್ಲಿ ಹಿಂದೆ ಬೀಳುವವರು ಸಾಮಾನ್ಯವಾಗಿ ಅರ್ಧ ಎಕರೆ, ಒಂದು ಎಕರೆಯ ಸಣ್ಣ ಹಿಡುವಳಿದಾರರು. ಅವರ ನಷ್ಟ ಯಾವ ಮಳೆ ಅಂಕಿಯಲ್ಲೂ ಕಾಣುವುದಿಲ್ಲ.

ರಬ್ಬರ್ ಟ್ಯಾಪರ್‌ಗಳ ಕಥೆಯೂ ಇದಕ್ಕೆ ಹತ್ತಿರದ್ದು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಈಗ ಖಾಸಗಿ ತೋಟಗಳಲ್ಲೂ ಮರಕ್ಕಿಷ್ಟೆಂದು ಕೂಲಿ ಪಡೆದು ಬೆಳ್ಳಂಬೆಳಗ್ಗೆ ಹಾಲು ತೆಗೆಯುವವರು ಬಹಳ ಮಂದಿ. ಕಾಂಡ ಒದ್ದೆಯಾದರೆ ಹಾಲು ಗೆರೆ ಬಿಟ್ಟು ಮರವಿಡೀ ಹರಿದು ಹಾಳಾಗುತ್ತದೆ. ಮಳೆಗಾಲಕ್ಕೆ ಮುನ್ನ ಮರಕ್ಕೆ ಪ್ಲಾಸ್ಟಿಕ್ ಕಟ್ಟುತ್ತಾರೆ. ಅದು ಜಡಿಮಳೆಯನ್ನು ತಡೆಯುತ್ತದೆ, ಗಾಳಿಯೊಡನೆ ಬಂದು ಬಡಿಯುವ ಮಳೆಯನ್ನಲ್ಲ. ಮುಂಜಾನೆ ನಾಲ್ಕಕ್ಕೆ ಸುರಿದ ಮಳೆ ಅವರ ಅಂದಿನ ಕೂಲಿಯನ್ನು ಕಸಿಯುತ್ತದೆ, ಮಧ್ಯಾಹ್ನ ಸುರಿದದ್ದು ಕಸಿಯುವುದಿಲ್ಲ. ಮಳೆಮಾಪಕದಲ್ಲಿ ಎರಡೂ ಒಂದೇ.

ಈ ಏರಿಳಿತಕ್ಕೆ ಹೊಂದಿಕೊಂಡ ಪದ್ಧತಿಗಳು ಇಲ್ಲಿ ಬಲವಾಗಿದ್ದವು. ಆಟಿಯಲ್ಲಿ ಗದ್ದೆ ಕೆಲಸ ಮುಗಿದು ಕೂಲಿ ಇಲ್ಲದೆ, ಅಕ್ಕಿ ಕಲಸೆಯ ತಳ ಕಾಣುವ ದಿನಗಳಿಗೆಂದೇ ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು, ಹಲಸಿನ ಬೀಜವನ್ನು ಕೆಮ್ಮಣ್ಣು ಮೆತ್ತಿ ಕಾಪಿಡುತ್ತಿದ್ದರು. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ತಗತೆ ಸೊಪ್ಪು ಆ ಕಾಲದ ಊಟ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಳೆಮರದ ತೊಗಟೆಯ ಕಷಾಯ ಕುಡಿಯುವುದು ಇಂದಿಗೂ ಬಿಟ್ಟುಹೋಗಿಲ್ಲ. ಈಗ ನಗರದ ಸಭಾಂಗಣಗಳಲ್ಲಿ ಆಟಿದ ಕೂಟಗಳು ನಡೆಯುತ್ತವೆ, ಒಳ್ಳೆಯದೇ. ಅಲ್ಲಿ ಬಡಿಸುವ ಒಂದೊಂದು ತಿಂಡಿಯೂ ಹಸಿವಿನ ತಿಂಗಳೊಂದನ್ನು ದಾಟಲು ಹೆಂಗಸರು ತಿಂಗಳುಗಟ್ಟಲೆ ಮೊದಲೇ ಮಾಡಿದ ಸಿದ್ಧತೆಯೆಂಬುದನ್ನು ಅಲ್ಲಿಯೇ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಹಳಬರು ಗಮನಿಸಿದ್ದ ಇನ್ನೊಂದು ಸಂಗತಿಗೆ ಈಗ ವಿಜ್ಞಾನದ ಆಧಾರವೂ ಸಿಕ್ಕಿದೆ. ಮೇ ತಿಂಗಳ ಮಳೆಗೆ ಗುಡುಗು-ಸಿಡಿಲು ಇರುತ್ತದೆ, ಮುಂಗಾರು ಹಿಡಿದ ಮೇಲೆ ಗುಡುಗು ನಿಲ್ಲುತ್ತದೆ. ಕಾರಣ, ಕರಾವಳಿಯ ಮುಂಗಾರು ಮೋಡಗಳು ಕುಳ್ಳು. ಅವು ಹಿಮ ಕಟ್ಟುವ ಎತ್ತರದಾಚೆಗೆ ಹೆಚ್ಚು ಬೆಳೆಯುವುದಿಲ್ಲ. ಸಿಡಿಲಿಗೆ ಮೋಡದೊಳಗೆ ಹಿಮದ ಹರಳುಗಳು ಬೇಕು. ಈಗ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಮಳೆಗಾಲದ ನಡುವೆಯೇ 12 ಕಿಲೋಮೀಟರಿಗೂ ಎತ್ತರದ ಮೋಡಗಳು ಪಶ್ಚಿಮ ಕರಾವಳಿಯಲ್ಲಿ ಏಳುತ್ತಿರುವುದನ್ನು ಕೊಚ್ಚಿ ವಿಶ್ವವಿದ್ಯಾಲಯದ ಸಂಶೋಧಕರು 2018 ಮತ್ತು 2019ರ ಕೇರಳದ ನೆರೆಗಳನ್ನು ಅಧ್ಯಯನ ಮಾಡುತ್ತ ತೋರಿಸಿದರು. ಅಂಥ ಮೋಡ ದಿನವಿಡೀ ಸುರಿಯಬೇಕಾದ್ದನ್ನು ಎರಡು-ಮೂರು ಗಂಟೆಯಲ್ಲಿ ಸುರಿದುಬಿಡುತ್ತದೆ.

ಅತಿಮಳೆಯ ಪರಿಣಾಮವನ್ನು ಪಯಸ್ವಿನಿಯ ದಂಡೆಯವರು ಕಂಡಿದ್ದಾರೆ. 2018ರ ಆಗಸ್ಟ್ ನಡುವಿಗೆ ವಾರಗಟ್ಟಲೆ ನೆನೆದ ಗುಡ್ಡಗಳು ಜೋಡುಪಾಲ, ಮದೆನಾಡು ಪರಿಸರದಲ್ಲಿ ಕುಸಿದವು. ಮಂಗಳೂರು-ಮಡಿಕೇರಿ ಹೆದ್ದಾರಿ ಮುಚ್ಚಿತು. ಮನೆಮಠ ಬಿಟ್ಟು ಇಳಿದು ಬಂದವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಶಾಲೆ, ಸಭಾಭವನಗಳೇ ಆಸರೆಯಾದವು. ಮನೆಗೆ, ರಸ್ತೆಗೆ ಎಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದೂ ಕುಸಿತಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಆಗಲೇ ಹೇಳಿದರು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಲುಗುಂಡಿಗಳಲ್ಲಿ ಮಳೆ ಬಾನು ಹರಿದಂತೆ ಬಿತ್ತು. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಅಂಥ ರಾತ್ರಿಯ ಮಳೆಯೂ, ತಿಂಗಳಿಡೀ ಹದವಾಗಿ ಹಂಚಿ ಬಂದ ಮಳೆಯೂ ವರ್ಷದ ಮೊತ್ತದಲ್ಲಿ ಒಟ್ಟಿಗೆ ಕೂಡಿಹೋಗುತ್ತವೆ. ಮೊತ್ತ ನೋಡಿ ಸಮಾಧಾನಪಡುವುದು ಈ ಊರುಗಳಿಗೆ ಮಾಡುವ ಅನ್ಯಾಯ.

ಬೇಸಿಗೆಯ ಮಾತು. 4,000 ಮಿ.ಮೀ. ಮಳೆಯೆಂದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 1.6 ಕೋಟಿ ಲೀಟರ್ ನೀರು. ಒಂದು ಎಕರೆಯಲ್ಲಿ 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್, ಹೀಗೆ 150 ದಿನ ಕೊಟ್ಟರೂ ಬೇಕಾಗುವುದು 16.5 ಲಕ್ಷ ಲೀಟರ್. ಬಿದ್ದದ್ದರಲ್ಲಿ ಹತ್ತನೇ ಒಂದು ಪಾಲು! ಆ ಪಾಲೂ ಏಪ್ರಿಲ್‌ಗೆ ಉಳಿಯುವುದಿಲ್ಲ. ಇಳಿಜಾರಿನ ನೆಲ, ನೂರೇ ಕಿಲೋಮೀಟರಿನ ನದಿ. ಬಿದ್ದ ನೀರು ಒಂದೆರಡು ದಿನದೊಳಗೆ ಕಡಲಿನಲ್ಲಿರುತ್ತದೆ. ಗದ್ದೆಗಳಿದ್ದಾಗ ನಾಲ್ಕು ತಿಂಗಳು ನೀರು ನಿಂತು ಇಂಗುತ್ತಿತ್ತು. ಗದ್ದೆ ತೋಟವಾಯಿತು, ತೋಟಕ್ಕೆ ಬಸಿಗಾಲುವೆ ಬಂತು, ಇಂಗುವ ನೀರು ಹರಿದುಹೋಯಿತು. ಸುಳ್ಯ ಪಟ್ಟಣದ ಕುಡಿಯುವ ನೀರಿಗೆಂದು ವರ್ಷವರ್ಷವೂ ಪಯಸ್ವಿನಿಗೆ ಮರಳಿನ ಕಟ್ಟ ಹಾಕಬೇಕಾಗುತ್ತಿತ್ತು. ಈಗ ಆಲೆಟ್ಟಿಯ ನಾಗಪಟ್ಟಣದ ಬಳಿ ಕಿಂಡಿ ಅಣೆಕಟ್ಟು ಎದ್ದಿದೆ. ತೋಡುಗಳಿಗೆ ಊರವರು ಸೇರಿ ಕಟ್ಟ ಕಟ್ಟುವ ಹಳೆಯ ಪದ್ಧತಿಗೆ ಮತ್ತೆ ಜೀವ ಬರುವಂತೆ ಕೃಷಿ ಪತ್ರಕರ್ತ ಶ್ರೀಪಡ್ರೆಯವರೂ ಪುತ್ತೂರಿನ ‘ಅಡಿಕೆ ಪತ್ರಿಕೆ’ಯೂ ದಶಕಗಳಿಂದ ಬರೆಯುತ್ತ ಬಂದಿದ್ದಾರೆ.

ಕಿಂಡಿಗೆ ಹಲಗೆ ಇಡುವ ದಿನವೂ ಬಿಡುವಿನ ಲೆಕ್ಕವೇ. ಬೇಗ ಇಟ್ಟರೆ ಹಿಂಗಾರಿನ ನೆರೆ ಹಲಗೆಯನ್ನೇ ಕೊಚ್ಚೀತು, ತಡವಾದರೆ ಹಿಡಿಯಲು ನೀರೇ ಇರದು. ಇತ್ತ ಅದೇ ಹೊತ್ತಿಗೆ ಅಂಗಳದಲ್ಲಿ ಹಣ್ಣಡಿಕೆ. ಅದು ಒಣಗಿ ಚಾಲಿ ಆಗಬೇಕಾದರೆ ನಲವತ್ತು ದಿನದಷ್ಟು ಬಿಸಿಲು ಕಾಯಬೇಕು. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಶೇಷ ಬಂಗಾಳಕೊಲ್ಲಿಯ ಕಡೆಯಿಂದ ಘಟ್ಟ ದಾಟಿ ಬಂದು ಕರಾವಳಿಯಲ್ಲಿ ಜೋರು ಮಳೆ ಸುರಿಸಿದಾಗ ಶಾಲೆಗಳಿಗೆ ರಜೆ ಕೊಟ್ಟರು. ಅಂಗಳದ ಅಡಿಕೆಗೆ ಬೂಸ್ಟು ಹಿಡಿದರೆ ಅದು ಕೀಳು ದರ್ಜೆಯ ಕರಿಗೋಟಿನ ಸಾಲಿಗೆ ಸೇರುತ್ತದೆ, ಧಾರಣೆ ಅರ್ಧಕ್ಕಿಳಿಯುತ್ತದೆ. ಸೋಲಾರ್ ಗೂಡು ಕಟ್ಟಿಕೊಂಡವರು ಪಾರು. ಉಳಿದವರು ಟಾರ್ಪಾಲು ಹಿಡಿದು ಓಡಬೇಕು.

ಮುನ್ಸೂಚನೆ ಇಲ್ಲವೇ? ಇದೆ, ಹಿಂದೆಂದಿಗಿಂತ ಉತ್ತಮವಾಗಿಯೇ ಇದೆ. 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಸಂಭವವಿದ್ದರೆ ರೆಡ್ ಅಲರ್ಟ್, 115.6ರಿಂದ ಮೇಲಕ್ಕೆ ಆರೆಂಜ್. ತಹಶೀಲ್ದಾರರು ರಜೆ ಕೊಡುತ್ತಾರೆ, ಕಾಲುಸಂಕ ದಾಟಿ ಬರಬೇಕಾದ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಇದು ಜೀವ ಉಳಿಸುವ ವ್ಯವಸ್ಥೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಎಚ್ಚರಿಕೆಯ ಬಣ್ಣಗಳೆಲ್ಲ ಹೆಚ್ಚು ಮಳೆಗೇ ಮೀಸಲು. ಜುಲೈ 12ರಿಂದ ಮೂರು ದಿನ ಸುಳ್ಯ ಹೋಬಳಿಯಲ್ಲಿ ಬಿಡುವು ಸಿಗಬಹುದು ಎಂದು ಹೇಳುವ ಬಣ್ಣ ಯಾವುದೂ ಇಲ್ಲ.

ಹೇಳಲು ಬೇಕಾದ ಸಾಧನ ಈಗ ಇದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಮುನ್ನೋಟ ಕೊಡುತ್ತದೆ. ಆ 30-60 ದಿನದ ಆವರ್ತವೇ ಅದರ ಆಧಾರ. 2025ರ ಮೇ 26ರಂದು ಚಾಲನೆ ಪಡೆದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಆರು ಕಿಲೋಮೀಟರ್ ಚೌಕದಲ್ಲಿ ಲೆಕ್ಕ ಹಾಕುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅಡಿಕೆಯ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದೂ ಅವುಗಳ ಅಂಕಿಯ ಮೇಲೆಯೇ. ಇವೆಲ್ಲಕ್ಕೂ ಮೊದಲಿನಿಂದ ಮನೆಯಂಗಳದಲ್ಲಿ ಮಾಪಕ ಇಟ್ಟು, ಬೆಳಿಗ್ಗೆ ಎದ್ದ ಕೂಡಲೇ ಅಳೆದು ಪುಸ್ತಕದಲ್ಲಿ ಬರೆದಿಡುವ ಕೃಷಿಕರು ಸುಳ್ಯ ತಾಲ್ಲೂಕಿನಲ್ಲಿದ್ದಾರೆ. ಕೆಲವರ ಬಳಿ ನಾಲ್ಕು ದಶಕಕ್ಕೂ ಹೆಚ್ಚಿನ ದಾಖಲೆಯಿದೆ. ಆಟಿಯ ಯಾವ ವಾರದಲ್ಲಿ ಎಷ್ಟು ದಿನ ಹೊಳವಾಗಿತ್ತೆಂದು ಆ ಪುಸ್ತಕಗಳಿಂದ ಲೆಕ್ಕ ತೆಗೆಯಬಹುದು.

ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲದ ಪ್ರಾದೇಶಿಕ ಕೇಂದ್ರ, ತೋಟಗಾರಿಕೆ ಇಲಾಖೆ, ಹವಾಮಾನ ಇಲಾಖೆ ಮೂವರೂ ಕೂತು ಈ ಕೃಷಿಕರನ್ನು ಕರೆದು, ಜುಲೈ-ಆಗಸ್ಟ್ ತಿಂಗಳಿಗೆ ಮಾತ್ರವಾದರೂ ಪಂಚಾಯಿತಿವಾರು ಬಿಡುವಿನ ಮುನ್ಸೂಚನೆ ಕೊಡಲು ತೊಡಗಬೇಕು. ನಾಲ್ಕು ದಿನ ಮೊದಲು ತಿಳಿದರೂ ಸಾಕು. ಸುಣ್ಣ ನೆನೆಹಾಕಬಹುದು, ದೋಟಿ ಇರುವ ತಂಡಕ್ಕೆ ಹೇಳಿಡಬಹುದು, ಅರ್ಧ ಎಕರೆಯವರ ತೋಟವನ್ನೂ ಸರದಿಗೆ ಸೇರಿಸಿಕೊಳ್ಳಬಹುದು.